ಉಬ್ಬಿದ ಡೇಟಾ ಫೈಲಿನ ಒಳಗನ್ನು ತೋರಿಸುವ ಸಲಕರಣೆ: ಎಸ್‌ಕ್ಯೂಲೈಟ್ ಅನಲೈಜರ್ ವಿಮರ್ಶೆ

ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ ಮರುದಿನ ಬೆಳಿಗ್ಗೆ ಸರ್ವರ್‌ನಿಂದ ಬಂದ ಮೊದಲ ಸಂದೇಶವೇ ಡಿಸ್ಕ್ ತುಂಬುತ್ತಿದೆ ಎಂಬ ಎಚ್ಚರಿಕೆಯಾಗಿತ್ತು. ನಮ್ಮಲ್ಲಿ ಗ್ರಾಹಕರ ಕರೆಗಳ ಟಿಪ್ಪಣಿಗಳನ್ನು ದಾಖಲಿಸಲು ಬಳಸುವ ಒಂದು ತಂತ್ರಾಂಶವಿದೆ. ಅದರ ಹೆಸರು ಇಲ್ಲಿ ಮುಖ್ಯವಲ್ಲ; ಅದು ತನ್ನ ಎಲ್ಲ ದತ್ತಾಂಶವನ್ನು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ವ್ಯವಸ್ಥೆಯ ಒಂದೇ ಒಂದು ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ ಎಂಬುದಷ್ಟೇ ಮುಖ್ಯ. ಹಿಂದಿನ ಸಂಜೆ 1.3 ಜಿಬಿ ಇದ್ದ ದತ್ತಾಂಶದ ಫೋಲ್ಡರ್ ಬೆಳಗಾಗುವಷ್ಟರಲ್ಲಿ 8.6 ಜಿಬಿ ಆಗಿತ್ತು. ರಾತ್ರಿಯಿಡೀ ಯಾರೂ ಒಂದು ಹೊಸ ಟಿಪ್ಪಣಿಯನ್ನೂ ಬರೆದಿರಲಿಲ್ಲ. ಈ ಗಂಟನ್ನು ಬಿಡಿಸಲು ನೆರವಾದ ಎಸ್‌ಕ್ಯೂಲೈಟ್ ಅನಲೈಜರ್ ಎಂಬ ಪುಟ್ಟ ಸಲಕರಣೆಯ ಬಗ್ಗೆ, ಅದರ ಗುಣಗಳ ಜೊತೆಗೆ ಕೊರತೆಗಳನ್ನೂ ಸೇರಿಸಿ, ಬಳಸಿದವನಾಗಿ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ.

ಸಲಕರಣೆಯ ಮಾತಿಗೆ ಮೊದಲು ಅದರ ಅಗತ್ಯ ಬಿದ್ದ ಸನ್ನಿವೇಶವನ್ನು ಹೇಳಬೇಕು, ಏಕೆಂದರೆ ಆರಂಭದಲ್ಲಿ ನಾವು ನೋಡುತ್ತಿದ್ದ ಸಂಖ್ಯೆಯೇ ತಪ್ಪು ಸಂಖ್ಯೆಯಾಗಿತ್ತು. ಫೋಲ್ಡರಿನ ಒಟ್ಟು ಗಾತ್ರವನ್ನು ಹಿಡಿದು ಅರ್ಧ ದಿನ ಚರ್ಚೆ ಮಾಡಿದೆವು. ಒಳಗಿದ್ದ ಫೈಲುಗಳನ್ನು ಒಂದೊಂದಾಗಿ ನೋಡಿದ್ದು ಆಮೇಲೆ. ನೋಡಿದಾಗ ಅಲ್ಲಿ ಮೂರು ದೊಡ್ಡ ಫೈಲುಗಳಿದ್ದವು. 1.3 ಜಿಬಿಯ ಒಂದು ಫೈಲು ಅಪ್‌ಗ್ರೇಡ್ ಶುರುವಾಗುವ ಮೊದಲು ತಂತ್ರಾಂಶವೇ ಮಾಡಿಟ್ಟ ಹಳೆಯ ಪ್ರತಿ. ಅಂಥ ಪ್ರತಿಯನ್ನು ಮಾಡುವುದು ಒಳ್ಳೆಯ ಅಭ್ಯಾಸವೇ. ಆದರೆ ಮಾಡಿದ್ದೇನೆಂದು ಒಂದು ಮಾತು ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು. ಎರಡನೆಯದು 4.3 ಜಿಬಿಯ ಮುಖ್ಯ ಡೇಟಾ ಫೈಲು. ಮೂರನೆಯದು ಅದೇ ಹೆಸರಿನ ಕೊನೆಗೆ ‘ಡಬ್ಲ್ಯೂಎಎಲ್’ ಎಂಬ ಬಾಲ ಅಂಟಿಕೊಂಡಿದ್ದ, ಸುಮಾರು 3 ಜಿಬಿಯ ಇನ್ನೊಂದು ಫೈಲು. ನಡುವೆ ಇನ್ನೊಂದು ವಾದವೂ ನಡೆಯಿತು: ಒಬ್ಬರ ಪರದೆಯಲ್ಲಿ ಮುಖ್ಯ ಫೈಲು 4.3 ಎಂದಿದ್ದರೆ ಇನ್ನೊಬ್ಬರ ಪರದೆಯಲ್ಲಿ 4.0 ಎಂದಿತ್ತು. ಒಂದು ಕಡೆ ಸಾವಿರದ ಲೆಕ್ಕ, ಇನ್ನೊಂದು ಕಡೆ 1024ರ ಲೆಕ್ಕ. ಬೈಟುಗಳು ಎರಡೂ ಕಡೆ ಅಷ್ಟೇ ಇದ್ದವು.

ಆ ಬಾಲದ ಫೈಲನ್ನು ಕೈಯಾರೆ ಅಳಿಸಿಬಿಡೋಣ ಎಂದು ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು ಹೊರಟಿದ್ದರು. ಸಮಯಕ್ಕೆ ಸರಿಯಾಗಿ ತಡೆದೆವು. ಎಸ್‌ಕ್ಯೂಲೈಟ್‌ನಲ್ಲಿ 2010ರ 3.7.0 ಆವೃತ್ತಿಯಿಂದ ಬಂದ ಈ ‘ರೈಟ್ ಅಹೆಡ್ ಲಾಗ್’ (ಡಬ್ಲ್ಯೂಎಎಲ್) ಪದ್ಧತಿಯಲ್ಲಿ ಹೊಸ ಬರಹವೆಲ್ಲ ಮೊದಲು ಬಾಲದ ಆ ಲಾಗ್ ಫೈಲಿಗೆ ಹೋಗುತ್ತದೆ, ಆಮೇಲೆ ಚೆಕ್‌ಪಾಯಿಂಟ್ ನಡೆದಾಗ ಮುಖ್ಯ ಫೈಲಿಗೆ ಸೇರುತ್ತದೆ. ಚೆಕ್‌ಪಾಯಿಂಟ್ ಆಗದ ಲಾಗನ್ನು ಅಳಿಸಿದರೆ ಉಳಿಸಿದ್ದೇವೆಂದು ನಂಬಿಕೊಂಡಿದ್ದ ದಾಖಲೆಗಳೇ ಮಾಯವಾಗಬಹುದು, ಇಲ್ಲವೇ ಇಡೀ ಫೈಲು ಕೆಡಬಹುದು. ಸಾಮಾನ್ಯವಾಗಿ ಲಾಗ್ 1000 ಪುಟ (ಎಸ್‌ಕ್ಯೂಲೈಟ್ ತನ್ನ ಫೈಲನ್ನು ಭಾಗಿಸಿಕೊಳ್ಳುವ ಸಮಗಾತ್ರದ ತುಂಡು) ದಾಟಿದೊಡನೆ ಚೆಕ್‌ಪಾಯಿಂಟ್ ತಾನಾಗಿಯೇ ನಡೆಯುತ್ತದೆ. 4096 ಬೈಟಿನ ಪುಟಗಳಾದರೆ ಅದು ಸುಮಾರು 4 ಎಂಬಿ. ಆದರೆ ಅಪ್‌ಗ್ರೇಡ್ ಮಾಡಿದವರು ಇಡೀ ಬದಲಾವಣೆಯನ್ನು ಒಂದೇ ವಹಿವಾಟಿನಲ್ಲಿ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಒಂದೇ ಟ್ರಾನ್ಸಾಕ್ಷನ್‌ನಲ್ಲಿ) ಮುಗಿಸಿದ್ದರಿಂದ, ಅದು ಮುಗಿಯುವ ತನಕ ಲಾಗ್ ಬೆಳೆಯುತ್ತಲೇ ಹೋಗುವುದು ಅನಿವಾರ್ಯವಾಗಿತ್ತು. ಬೆಳೆದ ಲಾಗ್ ಚೆಕ್‌ಪಾಯಿಂಟ್ ಆದ ಮೇಲೂ ತಾನಾಗಿ ಕುಗ್ಗುವುದಿಲ್ಲ. ಮತ್ತೆ ಮೊದಲಿನಿಂದ ಅದರ ಮೇಲೆಯೇ ಬರೆಯುತ್ತಾ ಹೋಗುತ್ತದೆ, ಗಾತ್ರ ಮಾತ್ರ ಹಾಗೆಯೇ ಉಳಿಯುತ್ತದೆ. ಕೊನೆಯ ಸಂಪರ್ಕವೂ ಮುಚ್ಚಿದಾಗ ಅದು ಅಳಿಯುತ್ತದೆ. ನಮ್ಮ ತಂತ್ರಾಂಶದ ಸೇವೆ ಹಗಲು ರಾತ್ರಿ ತೆರೆದೇ ಇರುತ್ತದೆಯಾದ್ದರಿಂದ ಆ ಗಳಿಗೆ ಬಂದೇ ಇರಲಿಲ್ಲ. ಸೇವೆಯನ್ನು ಕ್ರಮಬದ್ಧವಾಗಿ ನಿಲ್ಲಿಸಿ ಮತ್ತೆ ಶುರುಮಾಡಿದೆವು. 3 ಜಿಬಿ ಅಲ್ಲೇ ಬಿಡುಗಡೆಯಾಯಿತು. ಹಳೆಯ ಪ್ರತಿಯನ್ನು ಬೇರೆ ಡಿಸ್ಕಿಗೆ ಸಾಗಿಸಿದೆವು. ಆದರೂ 1.3 ಜಿಬಿ ಇದ್ದ ಮುಖ್ಯ ಫೈಲು 4.3 ಜಿಬಿ ಏಕಾಯಿತು ಎಂಬ ನಿಜವಾದ ಪ್ರಶ್ನೆ ಹಾಗೆಯೇ ನಿಂತಿತ್ತು.

ಈ ಹಂತದಲ್ಲಿ ಬಹುತೇಕರು ಮಾಡುವ ಕೆಲಸವೆಂದರೆ ವ್ಯಾಕ್ಯೂಮ್ ಆಜ್ಞೆಯನ್ನು ಓಡಿಸುವುದು. ಅದು ಫೈಲನ್ನು ಹೊಸದಾಗಿ ಕಟ್ಟಿ, ಖಾಲಿ ಜಾಗವನ್ನೆಲ್ಲ ಹಿಂಡಿ ಹಾಕುತ್ತದೆ. ಹಿಂಡುವುದರಲ್ಲಿ ತಪ್ಪೇನಿಲ್ಲ, ಆದರೆ ಕಾರಣ ತಿಳಿಯುವ ಮೊದಲೇ ಹಿಂಡಿದರೆ ಸಾಕ್ಷ್ಯವೂ ಜೊತೆಗೇ ಹೋಗುತ್ತದೆ. ಎಷ್ಟು ಭಾಗ ಬರಿದಾಗಿತ್ತು, ಎಷ್ಟು ಭಾಗದಲ್ಲಿ ನಿಜವಾಗಿ ಹೊಸ ದತ್ತಾಂಶವಿತ್ತು, ಯಾವ ಟೇಬಲ್ ಊದಿಕೊಂಡಿತ್ತು ಎಂಬುದನ್ನು ಆಮೇಲೆ ಯಾರೂ ಹೇಳಲಾರರು. ಫೈಲು ಮತ್ತೆ ಬೆಳೆದಾಗ ಮತ್ತೆ ವ್ಯಾಕ್ಯೂಮ್, ಮತ್ತೆ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂಥ ಈ ಚಿಕಿತ್ಸೆಯನ್ನು ಹಿಂದೊಮ್ಮೆ ಇನ್ನೊಂದು ಕಡೆ ನಾನೇ ಮಾಡಿ ಕೈಸುಟ್ಟುಕೊಂಡಿದ್ದೆನಾದ್ದರಿಂದ, ಈ ಸಲ ಅಳತೆ ಮೊದಲು, ಔಷಧ ಆಮೇಲೆ ಎಂದು ಪಟ್ಟು ಹಿಡಿದೆ.

ಎಸ್‌ಕ್ಯೂಲೈಟ್ ಅನಲೈಜರ್ ಹೊರಗಿನವರು ಮಾಡಿದ ಸಲಕರಣೆಯಲ್ಲ. ರಿಚರ್ಡ್ ಹಿಪ್ ಅವರು 2000ದಲ್ಲಿ ಬಿಡುಗಡೆ ಮಾಡಿದ ಎಸ್‌ಕ್ಯೂಲೈಟ್ ಯೋಜನೆಯ ಭಾಗವಾಗಿಯೇ ಇದು ಬರುತ್ತದೆ. ಅಧಿಕೃತ ಡೌನ್‌ಲೋಡ್ ಪುಟದಲ್ಲಿ ಸಿಗುವ ಟೂಲ್ಸ್ ಕಟ್ಟಿನೊಳಗೆ ಆಜ್ಞಾ ಸಾಲಿನ ಮುಖ್ಯ ಪ್ರೋಗ್ರಾಮಿನ ಪಕ್ಕದಲ್ಲೇ ಇರುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸಿದ್ಧ ಪ್ರತಿಗಳಿವೆ. ದುಡ್ಡು ಕೊಡಬೇಕಿಲ್ಲ, ನೋಂದಣಿ ಬೇಕಿಲ್ಲ, ಸ್ಥಾಪನೆಯ ಗೊಡವೆಯೂ ಇಲ್ಲ. ಕಟ್ಟನ್ನು ಬಿಚ್ಚಿ ಆ ಫೈಲಿನ ಹೆಸರನ್ನೂ ಪಕ್ಕದಲ್ಲಿ ಡೇಟಾ ಫೈಲಿನ ಹೆಸರನ್ನೂ ಟೈಪ್ ಮಾಡಿದರೆ ಕೆಲಸ ಶುರು. ಬಟನ್ನುಗಳು, ಬಣ್ಣದ ಚಿತ್ರಗಳು, ವೃತ್ತಾಕಾರದ ನಕ್ಷೆಗಳು ಬೇಕೆನ್ನುವವರಿಗೆ ಇಲ್ಲಿ ನಿರಾಸೆ ಖಚಿತ. ಔಟ್‌ಪುಟ್ ಎಂದರೆ ಶುದ್ಧ ಪಠ್ಯ, ಎಡಗಡೆ ಹೆಸರು, ಚುಕ್ಕೆಗಳ ಸಾಲು, ಬಲಗಡೆ ಸಂಖ್ಯೆ. ಹಳೆಯ ಕಾಲದ ಲೆಕ್ಕದ ತಃಖ್ತೆಯಂತೆ ಕಾಣುತ್ತದೆ, ಅಷ್ಟೇ ನಂಬಿಕಸ್ಥವೂ ಆಗಿದೆ.

ಓಡಿಸುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಚಾಲ್ತಿಯಲ್ಲಿರುವ ಫೈಲಿನ ಮೇಲೆಯೇ ಇದನ್ನು ಓಡಿಸುವುದಕ್ಕಿಂತ ಒಂದು ಪ್ರತಿಯ ಮೇಲೆ ಓಡಿಸುವುದು ಜಾಣತನ, ಏಕೆಂದರೆ ಇದು ಫೈಲಿನ ಪ್ರತಿಯೊಂದು ಪುಟವನ್ನೂ ಓದುತ್ತದೆ. ಹಾಗೆ ದೀರ್ಘಕಾಲ ಓದುತ್ತಿರುವವರೊಬ್ಬರು ಇದ್ದಾಗ ಚೆಕ್‌ಪಾಯಿಂಟ್ ಪೂರ್ತಿಯಾಗದೆ ಲಾಗ್ ಫೈಲು ಬೆಳೆಯತೊಡಗುತ್ತದೆ. ರೋಗ ಪರೀಕ್ಷೆಗೆ ಹೋಗಿ ಹೊಸ ರೋಗ ತಂದುಕೊಂಡಂತಾಗುತ್ತದೆ. ಆದರೆ ಪ್ರತಿ ಮಾಡುವ ವಿಧಾನವನ್ನು ಆರಿಸುವಾಗ ಎಡವಬಾರದು. ಸೇವೆ ನಡೆಯುತ್ತಿರುವಾಗ ಮುಖ್ಯ ಫೈಲೊಂದನ್ನೇ ಕಾಪಿ ಮಾಡಿದರೆ ಲಾಗಿನಲ್ಲಿರುವುದು ತಪ್ಪಿಹೋಗುತ್ತದೆ. 2019ರ 3.27.0 ಆವೃತ್ತಿಯಲ್ಲಿ ಬಂದ ‘ವ್ಯಾಕ್ಯೂಮ್ ಇಂಟು’ ಎಂಬ ಆಜ್ಞೆ ಸುಂದರವಾದ, ಅಚ್ಚುಕಟ್ಟಾದ ಪ್ರತಿಯನ್ನು ಕೊಡುತ್ತದೆ. ನಮಗೆ ತೊಡಕಾಗುವುದು ಆ ಅಚ್ಚುಕಟ್ಟುತನವೇ, ಏಕೆಂದರೆ ಅದು ಖಾಲಿ ಪುಟಗಳನ್ನು ಬಿಟ್ಟು ಬರೆಯುತ್ತದೆ. ಊತವನ್ನು ಅಳೆಯಬೇಕಾದವನು ಊತ ಇಳಿದ ಪ್ರತಿಯನ್ನು ಅಳೆದರೆ ಏನು ಪ್ರಯೋಜನ? ಆಜ್ಞಾ ಸಾಲಿನ ಪ್ರೋಗ್ರಾಮಿನಲ್ಲಿರುವ ಬ್ಯಾಕಪ್ ಆಜ್ಞೆ ಪುಟಕ್ಕೆ ಪುಟ ಇದ್ದದ್ದನ್ನು ಇದ್ದ ಹಾಗೆ, ಖಾಲಿ ಪುಟಗಳನ್ನೂ ಸೇರಿಸಿ, ನಕಲು ಮಾಡುತ್ತದೆ. ನಾನು ಬಳಸಿದ್ದು ಅದನ್ನೇ.

ಸಲಕರಣೆ ಓಡುತ್ತಿರುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಎಷ್ಟು ಮುಗಿದಿದೆ, ಎಷ್ಟು ಉಳಿದಿದೆ ಎಂಬ ಯಾವ ಸುಳಿವೂ ಇಲ್ಲದೆ ಮಿನುಗುವ ಕರ್ಸರ್ ಮಾತ್ರ ಇರುತ್ತದೆ. ಮೊದಲ ಸಲ ಓಡಿಸಿದವರು ಕೆಟ್ಟು ನಿಂತಿದೆಯೇನೋ ಎಂದುಕೊಂಡು ನಿಲ್ಲಿಸಿಬಿಡುವ ಸಾಧ್ಯತೆ ಹೆಚ್ಚು. ಕೆಲವು ನಿಮಿಷ ಕಾದ ಮೇಲೆ ವರದಿ ಒಮ್ಮೆಗೇ ಸುರಿಯಿತು. ವರದಿಯ ತಲೆಭಾಗದಲ್ಲೇ ಇಡೀ ಫೈಲಿನ ಲೆಕ್ಕವಿತ್ತು: ಪುಟದ ಗಾತ್ರ 4096 ಬೈಟು, ಒಟ್ಟು ಪುಟಗಳು 10,50,000, ಅದರಲ್ಲಿ ಫ್ರೀಲಿಸ್ಟ್ ಅಂದರೆ ಖಾಲಿ ಪುಟಗಳ ಪಟ್ಟಿಯಲ್ಲಿರುವುದು 3,10,000. ಹಳೆಯ ಪ್ರತಿಯನ್ನೂ ಅದೇ ರೀತಿ ಓಡಿಸಿ ನೋಡಿದರೆ ಒಟ್ಟು ಪುಟಗಳೇ 3,20,000. ಅಂದರೆ ಹೆಚ್ಚುಕಡಿಮೆ ಹಳೆಯ ಫೈಲಿನಷ್ಟು ಜಾಗ ಹೊಸ ಫೈಲಿನೊಳಗೆ ಬರಿದಾಗಿ ಬಿದ್ದಿತ್ತು.

ಇದು ಏಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಪ್‌ಗ್ರೇಡ್ ನಂತರದ ಊತದ ಅತಿ ಸಾಮಾನ್ಯ ಕಾರಣ ಇದೇ ಎಂಬುದು ನನ್ನ ಅನುಭವ. ಎಸ್‌ಕ್ಯೂಲೈಟ್‌ನಲ್ಲಿ ಟೇಬಲಿಗೆ ಹೊಸ ಅಂಕಣವೊಂದನ್ನು ಸುಮ್ಮನೆ ಸೇರಿಸುವುದು ಅಗ್ಗದ ಕೆಲಸ. ಇರುವ ಸಾಲುಗಳನ್ನು ಮುಟ್ಟಬೇಕಾಗಿಲ್ಲ. ಆದರೆ ನಿರ್ಬಂಧಗಳನ್ನೋ ಅಂಕಣದ ಬಗೆಯನ್ನೋ ಬದಲಿಸಬೇಕಾದರೆ ಸಾಮಾನ್ಯ ವಿಧಾನವೆಂದರೆ ಹೊಸ ಟೇಬಲ್ ಕಟ್ಟಿ, ಹಳೆಯದರ ಸಾಲುಗಳನ್ನೆಲ್ಲ ಅದಕ್ಕೆ ಸುರಿದು, ಹಳೆಯದನ್ನು ಕಿತ್ತುಹಾಕಿ, ಹೊಸದಕ್ಕೆ ಹಳೆಯ ಹೆಸರಿಡುವುದು. ಎರಡೂ ಟೇಬಲ್‌ಗಳು ಒಂದಷ್ಟು ಹೊತ್ತು ಒಟ್ಟಿಗೇ ಇರುತ್ತವೆ, ಆದ್ದರಿಂದ ಫೈಲು ಎರಡರಷ್ಟಾಗುತ್ತದೆ. ಹಳೆಯದನ್ನು ಕಿತ್ತುಹಾಕಿದ ಮೇಲೆ ಅದರ ಪುಟಗಳು ಖಾಲಿ ಪಟ್ಟಿಗೆ ಸೇರುತ್ತವೆಯೇ ಹೊರತು ಆಪರೇಟಿಂಗ್ ಸಿಸ್ಟಮಿಗೆ ಮರಳುವುದಿಲ್ಲ. ಆಟೋ ವ್ಯಾಕ್ಯೂಮ್ ಎಂಬ ಏರ್ಪಾಡು ಇದ್ದರೆ ಮರಳಬಹುದು, ಆದರೆ ಅದು ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಟೇಬಲ್‌ಗಳು ಹುಟ್ಟಿದ ಮೇಲೆ ಅದನ್ನು ಹಚ್ಚಬೇಕಾದರೂ ಒಮ್ಮೆ ಪೂರ್ತಿ ವ್ಯಾಕ್ಯೂಮ್ ಮಾಡಲೇಬೇಕು.

ಈ ತನಕದ್ದು ಯಾವ ಕೈಪಿಡಿಯಲ್ಲೂ ಸಿಗುವ ವಿಷಯ. ವರದಿಯನ್ನು ಮುಂದಿಟ್ಟುಕೊಂಡಾಗ ಮಾತ್ರ ಕಂಡದ್ದು ಇನ್ನೊಂದಿದೆ. ಖಾಲಿ ಪುಟಗಳಿದ್ದರೆ ಹೊಸ ಬರಹ ಮೊದಲು ಅವುಗಳನ್ನೇ ಬಳಸಿಕೊಳ್ಳುತ್ತದೆ. ಹೀಗಿರುವಾಗ ಫೈಲಿನಲ್ಲಿ ಹೊಸ ಟೇಬಲ್‌ಗಳೂ ದಂಡಿಯಾಗಿ, ಖಾಲಿ ಪುಟಗಳೂ ದಂಡಿಯಾಗಿ ಒಟ್ಟಿಗೆ ಇರುವುದು ಹೇಗೆ? ಉತ್ತರ ಕೆಲಸದ ಕ್ರಮದಲ್ಲಿತ್ತು. ಅಪ್‌ಗ್ರೇಡ್ ಬರೆದವರು ಮೊದಲು ಸಾಲುಗಳನ್ನು ನಕಲು ಮಾಡಿ, ಆಮೇಲೆ ಹೊಸ ಆವೃತ್ತಿಯ ಹುಡುಕಾಟದ ಇಂಡೆಕ್ಸನ್ನು (ಬೇಗ ಹುಡುಕಲು ನೆರವಾಗುವ ಸೂಚಿಯನ್ನು) ಕಟ್ಟಿ, ಎಲ್ಲ ಮುಗಿದ ಮೇಲೆ ಕೊನೆಯ ಹೆಜ್ಜೆಯಾಗಿ ಹಳೆಯ ಟೇಬಲನ್ನು ಕಿತ್ತಿದ್ದರು. ಹಳೆಯ ಟೇಬಲನ್ನು ಕಿತ್ತ ಮೇಲೆ ಇಂಡೆಕ್ಸ್ ಕಟ್ಟಿದ್ದರೆ, ಬಿಡುಗಡೆಯಾದ 3,10,000 ಪುಟಗಳನ್ನು ಇಂಡೆಕ್ಸೇ ನುಂಗಿಕೊಳ್ಳುತ್ತಿತ್ತು. ಫೈಲು 10,50,000 ಪುಟಗಳ ಬದಲು 7,40,000 ಪುಟಗಳ ಹತ್ತಿರ, ಅಂದರೆ 3 ಜಿಬಿಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಎರಡು ಹೆಜ್ಜೆಗಳ ಸ್ಥಾನಪಲ್ಲಟಕ್ಕೆ ನಾವು ತೆತ್ತ ಬೆಲೆ 1.3 ಜಿಬಿ. ತಂತ್ರಾಂಶದ ಒಳಗಿನ ಕೋಡನ್ನು ನೋಡದೆಯೇ, ಬರೀ ಪುಟಗಳ ಎಣಿಕೆಯಿಂದ ಇಷ್ಟನ್ನು ಊಹಿಸಲು ಸಾಧ್ಯವಾಯಿತು ಎಂಬುದೇ ಈ ಸಲಕರಣೆಗೆ ನಾನು ಕೊಡುವ ಮೊದಲ ಅಂಕ. ಊಹೆ ಸರಿಯೆಂದು ಆಮೇಲೆ ತಯಾರಕರೇ ಒಪ್ಪಿಕೊಂಡರು.

ವರದಿಯ ಎರಡನೆಯ ಭಾಗದಲ್ಲಿ ಟೇಬಲ್‌ಗಳೂ ಇಂಡೆಕ್ಸ್‌ಗಳೂ ಗಾತ್ರದ ಇಳಿಕೆಯ ಕ್ರಮದಲ್ಲಿ ಬರುತ್ತವೆ. ನಮ್ಮ ವರದಿಯಲ್ಲಿ ಮೊದಲನೆಯದು ಟಿಪ್ಪಣಿಗಳ ಮುಖ್ಯ ಟೇಬಲ್, ಅದರಲ್ಲಿ ಅಚ್ಚರಿಯೇನಿರಲಿಲ್ಲ. ಎರಡನೆಯ ಸಾಲಿನಲ್ಲಿ ನಾವು ಎಂದೂ ಕೇಳಿರದ, ‘ಕಂಟೆಂಟ್’ ಎಂಬ ಪದದಿಂದ ಮುಗಿಯುವ ಒಂದು ಟೇಬಲ್ 2,25,000 ಪುಟಗಳನ್ನು ಹಿಡಿದು ಕೂತಿತ್ತು. ಅದರ ಕೆಳಗೆ ‘ಡೇಟಾ’ ಎಂದು ಮುಗಿಯುವ ಇನ್ನೊಂದು, 1,12,000 ಪುಟ. ಈ ಹೆಸರುಗಳ ಬಾಲವನ್ನು ನೋಡಿದೊಡನೆ ಎಸ್‌ಕ್ಯೂಲೈಟ್ ಬಲ್ಲವರಿಗೆ ಗುಟ್ಟು ತಿಳಿಯುತ್ತದೆ: ಇವು ಎಫ್‌ಟಿಎಸ್5 ಎಂಬ ಪೂರ್ಣಪಠ್ಯ ಹುಡುಕಾಟದ ಏರ್ಪಾಡು ತನಗಾಗಿ ಕಟ್ಟಿಕೊಳ್ಳುವ ಒಳಟೇಬಲ್‌ಗಳು. ಹೊಸ ಆವೃತ್ತಿಯಲ್ಲಿ ಟಿಪ್ಪಣಿಯ ಯಾವ ಪದವನ್ನು ಟೈಪ್ ಮಾಡಿದರೂ ಕ್ಷಣದಲ್ಲಿ ಹುಡುಕಿಕೊಡುವ ಸೌಲಭ್ಯ ಬಂದಿತ್ತು, ಬಿಡುಗಡೆಯ ಟಿಪ್ಪಣಿಯಲ್ಲಿ ಅದನ್ನು ದೊಡ್ಡದಾಗಿ ಬರೆದೂ ಇದ್ದರು. ಅದಕ್ಕೆ ಬೇಕಾಗುವ ಜಾಗದ ಮಾತನ್ನು ಎಲ್ಲಿಯೂ ಎತ್ತಿರಲಿಲ್ಲ.

‘ಡೇಟಾ’ ಎಂಬುದು ನಿಜವಾದ ಇಂಡೆಕ್ಸ್. ಹುಡುಕಾಟ ಬೇಕೆಂದರೆ ಅದು ಬೇಕೇ ಬೇಕು, ಅದಕ್ಕೆ ತಕರಾರಿಲ್ಲ. ಆದರೆ ‘ಕಂಟೆಂಟ್’ ಎಂದರೆ ಹುಡುಕಾಟಕ್ಕೆ ಕೊಟ್ಟ ಪಠ್ಯದ ಯಥಾವತ್ ಪ್ರತಿ. ಮುಖ್ಯ ಟೇಬಲಿನಲ್ಲಿ ಈಗಾಗಲೇ ಇರುವ ಟಿಪ್ಪಣಿಗಳೇ ಇಲ್ಲಿ ಮತ್ತೊಮ್ಮೆ ಅಕ್ಷರ ಬಿಡದೆ ಬರೆಯಲ್ಪಟ್ಟಿದ್ದವು. ಎಫ್‌ಟಿಎಸ್5ನಲ್ಲಿ ಹೀಗೆ ಪ್ರತಿ ಇಡದೆ, ಪಠ್ಯ ಬೇಕಾದಾಗ ಮುಖ್ಯ ಟೇಬಲನ್ನೇ ನೋಡು ಎಂದು ಹೇಳುವ ಬಾಹ್ಯ ಕಂಟೆಂಟ್ ವಿಧಾನವೂ ಇದೆ. ಅದನ್ನು ಆರಿಸಿದರೆ ಮುಖ್ಯ ಟೇಬಲ್ ಬದಲಾದಾಗಲೆಲ್ಲ ಇಂಡೆಕ್ಸನ್ನೂ ತಾಳೆಯಾಗಿಡುವ ಹೊಣೆ ತಂತ್ರಾಂಶ ಬರೆದವರ ಮೇಲೆ ಬೀಳುತ್ತದೆ. ಟ್ರಿಗರ್‌ಗಳನ್ನು (ಟೇಬಲ್ ಬದಲಾದಾಗ ತಾನಾಗಿ ಓಡುವ ಆಜ್ಞೆಗಳನ್ನು) ಬರೆದು ನಿಭಾಯಿಸಬೇಕು, ಅದರಲ್ಲಿ ತಪ್ಪಿದರೆ ಹುಡುಕಾಟ ಸುಳ್ಳು ಫಲಿತಾಂಶ ಕೊಡುತ್ತದೆ. ನಮ್ಮ ತಯಾರಕರು ಆ ರಗಳೆ ಬೇಡವೆಂದು ಮೊದಲಿಗೇ ಸಿಗುವ ವಿಧಾನವನ್ನು ಹಿಡಿದಿದ್ದರು. ಅವರ ಸಮಯ ಉಳಿಯಿತು, ನಮ್ಮ ಡಿಸ್ಕಿನಲ್ಲಿ 920 ಎಂಬಿ ಹೋಯಿತು. ಇದನ್ನು ತಪ್ಪು ಎಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ನಾವು ಕೇಳಿದಾಗ ‘ನಿಮ್ಮ ದತ್ತಾಂಶ ಸಹಜವಾಗಿ ಬೆಳೆದಿದೆ’ ಎಂದು ಸಹಾಯ ವಿಭಾಗದವರು ಕೊಟ್ಟ ಮೊದಲ ಉತ್ತರವನ್ನು ಮಾತ್ರ ಒಪ್ಪಲಾಗಲಿಲ್ಲ.

ಮೂರನೆಯ ಕಾರಣ ಚಿಕ್ಕದು, ಆದರೆ ವರದಿಯ ಸೂಕ್ಷ್ಮತೆಯನ್ನು ತೋರಿಸುವಂಥದ್ದು. ಎಸ್‌ಕ್ಯೂಲೈಟ್ ತಾನಾಗಿ ಹೆಸರಿಡುವ ‘ಆಟೋ ಇಂಡೆಕ್ಸ್’ ಒಂದು 50,000 ಪುಟ ಹಿಡಿದಿತ್ತು. ಹೊಸ ಆವೃತ್ತಿಯಲ್ಲಿ ಪ್ರತಿ ಟಿಪ್ಪಣಿಗೂ 36 ಅಕ್ಷರಗಳ ಯುಯುಐಡಿ ಎಂಬ ವಿಶಿಷ್ಟ ಗುರುತನ್ನು ಕೊಟ್ಟು, ಅದು ಎರಡು ಸಲ ಬರಬಾರದು ಎಂಬ ನಿರ್ಬಂಧ ಹಾಕಿದ್ದರ ಫಲ ಅದು. ಅದೇ ಗುರುತನ್ನು ಪಠ್ಯವಾಗಿ ಇಡುವ ಬದಲು ಬೈನರಿಯಾಗಿ ಇಟ್ಟಿದ್ದರೆ 16 ಬೈಟು ಸಾಕಿತ್ತು. ಈಗ ಮುಖ್ಯ ಟೇಬಲಿನಲ್ಲೊಮ್ಮೆ, ಇಂಡೆಕ್ಸಿನಲ್ಲೊಮ್ಮೆ, 36 ಲಕ್ಷ ಸಾಲುಗಳಿಗೂ ಎರಡೆರಡು ಸಲ 36 ಬೈಟು. ಇಲ್ಲಿ ವರದಿಯ ‘ಅನ್‌ಯೂಸ್ಡ್ ಬೈಟ್ಸ್’ ಎಂಬ ಸಾಲು ಕಣ್ಣಿಗೆ ಬಿತ್ತು: ಆ ಇಂಡೆಕ್ಸಿನ ಪುಟಗಳಲ್ಲಿ ಐದರಲ್ಲೊಂದು ಭಾಗದ ಹತ್ತಿರ ಬರಿದಾಗಿತ್ತು. ಯುಯುಐಡಿಗಳು ಯಾವ ಕ್ರಮವೂ ಇಲ್ಲದೆ ಬರುವುದರಿಂದ ಸಾಲುಗಳು ಇಂಡೆಕ್ಸಿನ ನಡುನಡುವೆ ತೂರಿಕೊಂಡು ತುಂಬಿದ ಪುಟಗಳನ್ನು ಒಡೆಯುತ್ತಾ ಹೋಗುತ್ತವೆ. ಒಡೆದ ಪುಟಗಳು ಪೂರ್ತಿ ತುಂಬುವುದು ಅಪರೂಪ. ಇದು ಖಾಲಿ ಪುಟಗಳ ಪಟ್ಟಿಯಲ್ಲಿ ಕಾಣುವ ಖಾಲಿತನವಲ್ಲ, ತುಂಬಿದೆ ಎಂದು ಎಣಿಕೆಯಾದ ಪುಟಗಳ ಒಳಗಿನ ಖಾಲಿತನ. ಬೇರೆ ದಾರಿಯಲ್ಲಿ ಹುಡುಕಿದ್ದರೆ ನನಗಂತೂ ಸಿಗುತ್ತಿರಲಿಲ್ಲ.

ಇನ್ನು ಕೊರತೆಗಳು. ಎರಡು ಫೈಲುಗಳನ್ನು ಹೋಲಿಸಿ ತೋರಿಸು ಎಂದರೆ ಈ ಸಲಕರಣೆ ತೋರಿಸುವುದಿಲ್ಲ, ಅಪ್‌ಗ್ರೇಡ್ ಸಮಸ್ಯೆಯಲ್ಲಿ ಮುಖ್ಯವಾಗಿ ಬೇಕಾಗುವುದೇ ಅದು. ಇದಕ್ಕೊಂದು ಉಪಾಯವಿದೆ, ಮತ್ತು ಅದು ವರದಿಯ ಒಳಗೇ ಅಡಗಿದೆ. ವರದಿಯ ಮೇಲ್ಭಾಗವೆಲ್ಲ ಡೇಟಾಬೇಸ್‌ಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ಭಾಷೆಯ ಕಾಮೆಂಟ್ (ಡೇಟಾಬೇಸ್ ಓದದೆ ಬಿಡುವ ಬರಹ) ರೂಪದಲ್ಲಿದ್ದು, ಕೆಳಭಾಗದಲ್ಲಿ ಅದೇ ಅಂಕಿಅಂಶಗಳು ಟೇಬಲ್ ಕಟ್ಟುವ ಆಜ್ಞೆಗಳಾಗಿ ಬರುತ್ತವೆ. ಹಾಗಾಗಿ ಇಡೀ ವರದಿಯನ್ನೇ ಒಂದು ಡೇಟಾಬೇಸಿಗೆ ಊಡಿಸಬಹುದು. ಹಳೆಯ ವರದಿಯನ್ನು ಒಂದಕ್ಕೆ, ಹೊಸದನ್ನು ಇನ್ನೊಂದಕ್ಕೆ ಊಡಿಸಿ, ಒಂದರೊಳಗೆ ಇನ್ನೊಂದನ್ನು ಅಟ್ಯಾಚ್ ಮಾಡಿ, ಟೇಬಲ್ ಹೆಸರಿನ ಮೇಲೆ ಜೋಡಿಸಿ ನೋಡಿದೆ. ಯಾವುದು ಹೊಸದಾಗಿ ಬಂತು, ಯಾವುದು ಎಷ್ಟು ಬೆಳೆಯಿತು ಎಂಬುದು ಒಂದೇ ಪಟ್ಟಿಯಲ್ಲಿ ಸಿಕ್ಕಿತು. ಎರಡು ವರದಿಗಳನ್ನು ಒಂದೇ ಡೇಟಾಬೇಸಿಗೆ ಊಡಿಸಲು ಹೋದರೆ ಟೇಬಲ್ ಹೆಸರು ಒಂದೇ ಆಗಿರುವುದರಿಂದ ತಡೆ ಬೀಳುತ್ತದೆ. ನಾನು ಮೊದಲ ಸಲ ಅಲ್ಲಿಯೇ ಎಡವಿದ್ದೆ. ಮಾಡಿದವರ ಜಾಣ್ಮೆಗೆ ತಲೆದೂಗಿದರೂ, ಆಜ್ಞಾ ಸಾಲಿಗೆ ಅಭ್ಯಾಸವಿಲ್ಲದವರು ಇಷ್ಟು ದೂರ ಬರಲಾರರು ಎಂಬುದೂ ನಿಜ.

ಇದಲ್ಲದೆ, ಒಂದು ಟೇಬಲಿನೊಳಗೆ ಯಾವ ಅಂಕಣ ಎಷ್ಟು ಜಾಗ ತಿನ್ನುತ್ತಿದೆ ಎಂದು ಇದು ಹೇಳುವುದಿಲ್ಲ. ಯುಯುಐಡಿಯ ಲೆಕ್ಕವನ್ನು ನಾನೇ ಗುಣಿಸಿ ನೋಡಬೇಕಾಯಿತು. ಪಕ್ಕದಲ್ಲಿರುವ ಲಾಗ್ ಫೈಲಿನ ಗಾತ್ರದ ಬಗ್ಗೆ ಚಕಾರ ಎತ್ತುವುದಿಲ್ಲ. ಗೂಢಲಿಪಿಯಲ್ಲಿಟ್ಟ ಫೈಲುಗಳನ್ನು ಓದಲಾರದು. ಪರಿಹಾರವನ್ನಂತೂ ಸೂಚಿಸುವುದೇ ಇಲ್ಲ. ಈ ಕೊನೆಯದನ್ನು ಕೊರತೆ ಎನ್ನಬೇಕೋ ಸದ್ಗುಣ ಎನ್ನಬೇಕೋ ನನಗಿನ್ನೂ ಅನುಮಾನ. ಅಳೆಯುವ ಯಂತ್ರ ಔಷಧವನ್ನೂ ಬರೆಯತೊಡಗಿದರೆ ಅದರ ಅಳತೆಯನ್ನು ನಾನು ಈಗಿನಷ್ಟು ನಂಬುತ್ತಿರಲಿಲ್ಲವೇನೋ.

ಇಷ್ಟೆಲ್ಲ ಬೇಡ, ಮೊದಲ ಸುಳಿವು ಸಾಕು ಎನ್ನುವವರಿಗೆ ಇನ್ನೂ ಸರಳ ದಾರಿಯಿದೆ. ಪೇಜ್ ಕೌಂಟ್ ಮತ್ತು ಫ್ರೀಲಿಸ್ಟ್ ಕೌಂಟ್ ಎಂಬ ಎರಡು ಪ್ರಾಗ್ಮಾ ಆಜ್ಞೆಗಳು (ಎಸ್‌ಕ್ಯೂಲೈಟ್‌ನ ಒಳಸ್ಥಿತಿಯನ್ನು ಕೇಳುವ ವಿಶೇಷ ಆಜ್ಞೆಗಳು) ಕ್ಷಣಾರ್ಧದಲ್ಲಿ ಒಟ್ಟು ಪುಟಗಳನ್ನೂ ಖಾಲಿ ಪುಟಗಳನ್ನೂ ಹೇಳುತ್ತವೆ. ಖಾಲಿ ಪುಟಗಳ ಪಾಲು ದೊಡ್ಡದಿದ್ದರೆ ಉತ್ತರ ಅಲ್ಲೇ ಸಿಕ್ಕಂತೆ, ಇಲ್ಲದಿದ್ದರೆ ಮಾತ್ರ ಅನಲೈಜರ್ ಬೇಕು. ಡಿಬಿಸ್ಟ್ಯಾಟ್ ಎಂಬ ವರ್ಚುವಲ್ ಟೇಬಲಿನಲ್ಲಿ ಪುಟವಾರು ವಿವರವನ್ನು ನೇರವಾಗಿ ಕೇಳಿ ಪಡೆಯಬಹುದು, ಆದರೆ ಆ ಸೌಲಭ್ಯವನ್ನು ಸೇರಿಸಿ ಕಂಪೈಲ್ ಮಾಡಿದ ಪ್ರತಿಗಳಲ್ಲಿ ಮಾತ್ರ ಅದು ಸಿಗುತ್ತದೆ. ಇನ್ನು ಬೇರೆ ಡೇಟಾಬೇಸ್ ಬಳಸುವವರಿಗೆ ಈ ಸಲಕರಣೆ ಪ್ರಯೋಜನಕ್ಕೆ ಬಾರದು, ಕಾಯಿಲೆ ಮಾತ್ರ ಅಲ್ಲಿಯೂ ಇದೆ: ಪೋಸ್ಟ್‌ಗ್ರೆಸ್‌ನ ಪಿಜಿ ಅಪ್‌ಗ್ರೇಡ್ ವಾಡಿಕೆಯಂತೆ ಡೇಟಾ ಫೈಲುಗಳನ್ನು ನಕಲು ಮಾಡುವುದರಿಂದ ಹಳೆಯ ಕ್ಲಸ್ಟರನ್ನು ತೆಗೆಯುವ ತನಕ ಎರಡು ಪಟ್ಟು ಜಾಗ ಹೋಗಿರುತ್ತದೆ, ಮೈಎಸ್‌ಕ್ಯೂಎಲ್‌ನ ಹಳೆಯ ಹಂಚಿಕೆಯ ಟೇಬಲ್‌ಸ್ಪೇಸ್ ಒಮ್ಮೆ ಬೆಳೆದರೆ ಅಳಿಸಿದ್ದಕ್ಕೆಲ್ಲ ತಾನಾಗಿ ಕುಗ್ಗುವುದಿಲ್ಲ.

ಅಳತೆ ಮುಗಿದ ಮೇಲೆ ಔಷಧಕ್ಕೆ ಕೈಹಾಕಿದೆವು. ವ್ಯಾಕ್ಯೂಮ್ ನಡೆಯಲು ಫೈಲಿನ ಎರಡು ಪಟ್ಟಿನ ತನಕ ಬಿಡುವಿನ ಜಾಗ ಬೇಕಾಗಬಹುದು ಎಂಬುದನ್ನು ಮರೆತು, ತುಂಬುತ್ತಿರುವ ಡಿಸ್ಕಿನಲ್ಲಿಯೇ ಅದನ್ನು ಓಡಿಸಿ ಇನ್ನಷ್ಟು ಸಿಕ್ಕಿಹಾಕಿಕೊಂಡವರ ಕಥೆಗಳನ್ನು ಕೇಳಿದ್ದೆ. ಆದ್ದರಿಂದ ಸೇವೆಯನ್ನು ನಿಲ್ಲಿಸಿ, ಫೈಲನ್ನು ದೊಡ್ಡ ಡಿಸ್ಕಿಗೆ ಒಯ್ದು, ಅಲ್ಲಿ ವ್ಯಾಕ್ಯೂಮ್ ಮಾಡಿ ಮರಳಿ ತಂದೆವು. ಮತ್ತೆ ಅನಲೈಜರ್ ಓಡಿಸಿದಾಗ ಒಟ್ಟು ಪುಟಗಳು 7,31,000. ಖಾಲಿ ಪಟ್ಟಿಯ 3,10,000 ಪುಟಗಳು ಹೋಗಿದ್ದವು, ಜೊತೆಗೆ ಆ ಯುಯುಐಡಿ ಇಂಡೆಕ್ಸ್ ಬಿಗಿಯಾಗಿ 50,000ದಿಂದ 41,000ಕ್ಕೆ ಇಳಿದಿತ್ತು. ಈ ಎರಡನೆಯ ಉಳಿತಾಯ ಬಾಳುವಂಥದ್ದಲ್ಲವೆಂದು ನನಗೆ ಗೊತ್ತಿತ್ತು. ಹೊಸ ಟಿಪ್ಪಣಿಗಳು ಬಂದಂತೆಲ್ಲ ಬಿಗಿಯಾದ ಪುಟಗಳು ಮತ್ತೆ ಒಡೆಯುತ್ತವೆ.

ಎರಡೂ ವರದಿಗಳನ್ನು ಲಗತ್ತಿಸಿ ತಯಾರಕರಿಗೆ ಮತ್ತೊಮ್ಮೆ ಬರೆದೆ. ಈ ಸಲ ಉತ್ತರ ಸಹಾಯ ವಿಭಾಗದಿಂದ ಬರಲಿಲ್ಲ, ತಂತ್ರಾಂಶ ಬರೆಯುವವರಿಂದಲೇ ಬಂತು, ಮತ್ತು ಅದರಲ್ಲಿ ‘ಸಹಜ ಬೆಳವಣಿಗೆ’ ಎಂಬ ಪದ ಇರಲಿಲ್ಲ. ಹಳೆಯ ಟೇಬಲನ್ನು ಕೀಳುವ ಹೆಜ್ಜೆಯನ್ನು ಮುಂದಕ್ಕೆ ತರುವುದಾಗಿ ಒಪ್ಪಿದರು. ಪಠ್ಯದ ಎರಡನೆಯ ಪ್ರತಿಯ ಬಗ್ಗೆ ಪರಿಶೀಲಿಸುತ್ತೇವೆ ಎಂದರು. ಹುಡುಕಾಟದ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದರೆ 3,37,000 ಪುಟಗಳ ಉಳಿತಾಯವಾಗುತ್ತದೆ ಎಂಬ ಸಲಹೆಯೂ ಇತ್ತು. ಅದನ್ನು ನಮ್ಮವರ ಮುಂದಿಟ್ಟೆ. ಕರೆಯ ನಡುವೆ ಹಳೆಯ ಟಿಪ್ಪಣಿಯನ್ನು ಎರಡು ಸೆಕೆಂಡಿನಲ್ಲಿ ಹುಡುಕಿ ತೆಗೆಯುವ ರುಚಿ ಅಷ್ಟರಲ್ಲಾಗಲೇ ಹತ್ತಿಬಿಟ್ಟಿತ್ತು, ಒಬ್ಬರೂ ಒಪ್ಪಲಿಲ್ಲ. 3 ಜಿಬಿಯ ಫೈಲನ್ನೇ ಇಟ್ಟುಕೊಂಡಿದ್ದೇವೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹೋಲಿಕೆಯ ಸೌಲಭ್ಯವಿಲ್ಲದ್ದಕ್ಕೆ ಅರ್ಧ, ಕಾಯುವಾಗ ಒಂದು ಸುಳಿವನ್ನೂ ಕೊಡದೆ ಗಾಬರಿ ಹುಟ್ಟಿಸಿದ್ದಕ್ಕೆ ಇನ್ನರ್ಧ ಕಳೆದಿದ್ದೇನೆ. ಈಗ ಪ್ರತಿ ಅಪ್‌ಗ್ರೇಡಿನ ಹಿಂದಿನ ಸಂಜೆ ಒಂದು ವರದಿ, ಮರುದಿನ ಒಂದು ವರದಿ ತೆಗೆದು ದಿನಾಂಕ ಹಾಕಿ ಇಡುತ್ತೇನೆ. ಮೊನ್ನೆಯ ಸಣ್ಣ ಪರಿಷ್ಕರಣೆಯ ನಂತರ ಖಾಲಿ ಪಟ್ಟಿಯಲ್ಲಿದ್ದದ್ದು 212 ಪುಟ.